ಎರಡು ಬಾಟಲಿಗಳ ಶನಿವಾರ

ಗಾಜಿನ ಕೊಳವೆಯ ಮೇಲ್ಭಾಗ ಕುದಿದು ಗುಳ್ಳೆ ಎದ್ದಿತು. ಟ್ರೀಜಾ ಅದನ್ನು ಸ್ಪಿರಿಟ್ ದೀಪದಿಂದ ಹಿಂದಕ್ಕೆ ಎಳೆದು, ಅಡುಗೆಯ ವಿನೆಗರ್ ನಾಲ್ಕು ಹನಿ ಬಿಟ್ಟು, ಹಿಂಜಗಲಿಯ ಗೋಡೆಯ ಮೇಲಿದ್ದ ಕ್ಯಾಲೆಂಡರಿಗೆ ಎದುರಾಗಿ ಹಿಡಿದಳು. ಮೂತ್ರದ ಆಚೆಗೆ ಫೆಬ್ರವರಿಯ ಅಂಕಿಗಳು ಒಂದೂ ಮಸುಕಾಗದೆ ಕಾಣುತ್ತಿದ್ದವು. ಬಿಳಿ ಇಲ್ಲ, ಕದಡಿಲ್ಲ. ಹದಿನೆಂಟು ದಿನಗಳಿಂದ ಹೀಗೆಯೇ ತಿಳಿನೀರು.

ಬೇರೆ ಯಾವ ತಾಯಿಯಾದರೂ ಶಿಲುಬೆಯ ಗುರುತು ಹಾಕಿಕೊಂಡು ಒಳಗೆ ಹೋಗಿ ಚಹಾಕ್ಕೆ ಇಡುತ್ತಿದ್ದಳು. ಟ್ರೀಜಾ ಮಾತ್ರ ಕೊಳವೆಯನ್ನು ಮೂಗಿನ ಹತ್ತಿರ ತಂದು, ದೂರ ಹಿಡಿದು, ಮತ್ತೆ ಹತ್ತಿರ ತಂದು ನೋಡಿದಳು. ಅಷ್ಟರಲ್ಲಿ ಎಲ್ರೊಯ್ ಕಣ್ಣುಜ್ಜುತ್ತ ಹಿಂಬಾಗಿಲಿಗೆ ಬಂದ. ಹುಡುಗನ ರೆಪ್ಪೆಗಳು ಜೇನುಹುಳ ಕಚ್ಚಿದವರ ಹಾಗೆ ಊದಿಕೊಂಡಿದ್ದವು.

"ನಿಲ್ಲಾ ಮಮ್ಮಿ?"

"ನಿಲ್."

"ಹಾಗಾದ್ರೆ ಗುಳಿಗೆ ಇನ್ನೂ ಕಮ್ಮಿ ಆಗ್ತದೆ ಅಲ್ವಾ?"

"ಆಗ್ತದೆ. ಇಲ್ಲಿ ಬಾ ಬಾಬ್, ಮುಖ ತೋರಿಸು."

"ಮುಖಕ್ಕೆ ಎಂತ ಆಗಿದೆ? ನಿದ್ದೆ ಜಾಸ್ತಿಯಾದದ್ದು" ಎಂದು ಅವನು ಬಂದ ದಾರಿಯಲ್ಲೇ ತಿರುಗಿ ಹೋದ. ಹಿಂದೆಲ್ಲ ಅವನು ಫಲಿತಾಂಶ ಕೇಳುತ್ತಲೇ ಇರಲಿಲ್ಲ. ಈಗೀಗ ದಿನವೂ ಬಂದು ಕೇಳುತ್ತಾನೆ. ಟ್ರೀಜಾ ಇದನ್ನೂ ಮನಸ್ಸಿನಲ್ಲಿ ಒಂದು ಕಡೆ ತೆಗೆದಿಟ್ಟಳು.

ಅಮ್ಮನ ಬಾಯಲ್ಲಿ ಮುದ್ದಿನ ಬಾಬ್ ಆಗಿದ್ದ ಎಲ್ರೊಯ್‌ಗೆ ಹತ್ತು ವರ್ಷ. ಐದನೆಯ ವರ್ಷದಲ್ಲಿ ಮೈ ಊದಿಕೊಂಡು ಮಂಗಳೂರಿನ ಆಸ್ಪತ್ರೆಗೆ ಒಯ್ದಾಗ ಮೂತ್ರಪಿಂಡದಿಂದ ಪ್ರೋಟೀನ್ ಸೋರುತ್ತಿದೆ ಎಂದರು. ಅಂದಿನಿಂದ ಬೆಳಗಿನ ಮೊದಲ ಮೂತ್ರವನ್ನು ಕುದಿಸಿ ನೋಡುವುದು ಆ ಮನೆಯ ನಿತ್ಯಕರ್ಮ. ಸೋರಿದ್ದರೆ ಬಿಸಿಗೆ ಕದಡಿ ಬೆಳ್ಳಗಾಗುತ್ತದೆ, ಸೋರದಿದ್ದರೆ ತಿಳಿಯಾಗಿ ಉಳಿಯುತ್ತದೆ. ಎಷ್ಟು ಬಿಳಿ ಎಂದು, ಏನೂ ಇಲ್ಲದಿದ್ದರೆ 'ನಿಲ್' ಎಂದು, ಇನ್ನೂರು ಪುಟದ ನೋಟುಪುಸ್ತಕದಲ್ಲಿ ಬರೆಯಬೇಕು. ಅಂಥ ನಾಲ್ಕು ಪುಸ್ತಕ ತುಂಬಿದ್ದವು. ಡಾಕ್ಟರ್ ಮಹೇಶ್ವರ ಕಳೆದ ವಾರ ಐದನೆಯ ಪುಸ್ತಕ ನೋಡಿ, ಮನೆಯಿಂದ ಒಯ್ದ ಬಾಟಲಿಯನ್ನು ಅಲ್ಲಿಯ ಲ್ಯಾಬಿನಲ್ಲೂ ನೋಡಿಸಿ, ಸಂತೋಷದಿಂದ ಗುಳಿಗೆಯನ್ನು ಅರ್ಧಕ್ಕೆ ಇಳಿಸಿದ್ದರು. ರಕ್ತ ಮುಂದಿನ ತಿಂಗಳು ನೋಡುವಾ ಎಂದಿದ್ದರು. ಇನ್ನೆರಡು ವಾರ ನಿಲ್ ಇದ್ದರೆ ಇನ್ನೂ ಇಳಿಸುವುದು. ಇಲ್ಲದಿದ್ದರೆ ಮತ್ತೆ ಅಡ್ಮಿಟ್ ಮಾಡಿ, ಬೆನ್ನಿಗೆ ಸೂಜಿ ಹಾಕಿ, ಮೂತ್ರಪಿಂಡದ ಚೂರು ತೆಗೆದು ನೋಡುವುದು.

"ಈಗ ನೂರಕ್ಕೆ ಅರವತ್ತು ಕೆಲಸ ಮಾಡ್ತಾ ಉಂಟು" ಎಂದು ಅವರು ಮೊದಲೇ ಹೇಳಿದ್ದರು. "ಸೋರಿದಷ್ಟೂ ಹೋಗ್ತದೆ. ಹೋದದ್ದು ವಾಪಸ್ ಬರುವುದಿಲ್ಲ ಅಮ್ಮಾ." ಆ ಅರವತ್ತು ಟ್ರೀಜಾಳ ತಲೆಯಲ್ಲಿ ಕೂತುಬಿಟ್ಟಿತ್ತು. ಪುಸ್ತಕದಲ್ಲಿರುವ ನಿಲ್ ನಿಜವಾದರೆ ಮಗ ಬಚಾವು. ನಿಜವಲ್ಲದಿದ್ದರೆ ಅರ್ಧ ಗುಳಿಗೆಯ ಒಂದೊಂದು ದಿನವೂ ಆ ಅರವತ್ತನ್ನು ಕಡಿಯುತ್ತಿದೆ. ಮುಖ ಒಂದು ಹೇಳುತ್ತಿದೆ, ಕೊಳವೆ ಇನ್ನೊಂದು ಹೇಳುತ್ತಿದೆ. ಇಬ್ಬರಲ್ಲಿ ಒಬ್ಬರು ಸುಳ್ಳು.

ಸುಳ್ಳು ಹಿಡಿಯುವುದು ಅವಳ ಹೊಟ್ಟೆಪಾಡೂ ಹೌದು, ಚಟವೂ ಹೌದು. ಕುಂಜತ್ತೂರಿನ ಅಕ್ಷಯ ಕೇಂದ್ರದಲ್ಲಿ ಒಂಬತ್ತು ವರ್ಷದಿಂದ ಕೂತು ಊರವರ ಅರ್ಜಿಗಳನ್ನು ಕಂಪ್ಯೂಟರಿಗೆ ಏರಿಸುವವಳು ಅವಳು. ರೇಷನ್ ಕಾರ್ಡಿನಲ್ಲಿ ಐವತ್ತೆರಡು, ವೋಟರ್ ಕಾರ್ಡಿನಲ್ಲಿ ಐವತ್ತೊಂಬತ್ತು, ಪಿಂಚಣಿ ಅರ್ಜಿಯಲ್ಲಿ ಅರವತ್ತೊಂದು ವರ್ಷದ ಕೂಸಪ್ಪನಂಥವರು ಅವಳೆದುರು ಬೆವರುತ್ತಿದ್ದರು. "ಮೂವರು ಕೂಸಪ್ಪನೂ ಒಟ್ಟಿಗೆ ಕೂತು ಒಂದು ತೀರ್ಮಾನಕ್ಕೆ ಬನ್ನಿ, ಆಮೇಲೆ ಅರ್ಜಿ ಹಾಕುವಾ" ಎಂದು ಕಾಗದ ಹಿಂದಕ್ಕೆ ಕೊಡುತ್ತಿದ್ದಳು. ಮೀನಿನವನ ತಕ್ಕಡಿ, ಗ್ಯಾಸ್ ಸಿಲಿಂಡರಿನ ಸೀಲು, ಗಂಡನ ಮೊಬೈಲು, ಸಂಶಯದಲ್ಲಿ ಅವಳು ಭೇದ ಮಾಡಿದವಳಲ್ಲ. ಕೆಂಪುಕಲ್ಲಿನ ಪಿಕಪ್ ಓಡಿಸುವ ಗಂಡ ಮೆರ್ವಿನ್ ಈ ಕಾರಣಕ್ಕೋ ಏನೋ ಬೆಳಕು ಹರಿಯುವ ಮೊದಲೇ ಮನೆ ಬಿಡುತ್ತಿದ್ದ.

ಮೊದಲ ಸಂಶಯ ವಿನೆಗರ್ ಮೇಲೆ ಹೋಯಿತು. ಅಂಗಡಿಯವನು ನೀರು ಬೆರೆಸಿರಬಹುದು. ಟ್ರೀಜಾ ಒಂದು ಕೋಳಿಮೊಟ್ಟೆ ಒಡೆದು ಬಿಳಿಯನ್ನು ನೀರಿಗೆ ಕದಡಿ, ಕೊಳವೆಗೆ ಹಾಕಿ ಕುದಿಸಿ, ಅದೇ ವಿನೆಗರ್ ಬಿಟ್ಟಳು. ಕ್ಷಣದಲ್ಲಿ ಕೊಳವೆ ಹಾಲಿನಂತಾಯಿತು. ವಿನೆಗರ್ ನಿರಪರಾಧಿ. ಉಳಿದ ಹಳದಿಯನ್ನು ಬಿಸಾಡಲು ಮನಸ್ಸಾಗದೆ ಮಗಳು ಎಲ್ವಿಟಾಳಿಗೆ ಆಮ್ಲೆಟ್ ಮಾಡಿಕೊಟ್ಟಳು. ಎಲ್ವಿಟಾಳಿಗೆ ಎಂಟು ವರ್ಷ. ತಿನ್ನುವುದರಲ್ಲಿ, ಓಡುವುದರಲ್ಲಿ ಮುಂದು, ಜ್ವರ ಕೂಡ ಅವಳ ಹತ್ತಿರ ಎರಡು ದಿನಕ್ಕಿಂತ ಹೆಚ್ಚು ನಿಂತದ್ದಿಲ್ಲ.

ಎರಡನೆಯ ಸಂಶಯ ಸುಪ್ರೀತಾಳ ಮೇಲೆ. ಪೆರ್ಲದ ಕಡೆಯ ಈ ಹುಡುಗಿ ಮಂಗಳೂರಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದಳು. ಮೂತ್ರಪಿಂಡದ ಕಾಯಿಲೆಯ ಮಕ್ಕಳಿರುವ ಮನೆಗಳಿಗೆ ಐಸ್ ಪೆಟ್ಟಿಗೆ ಹಿಡಿದು ಹದಿನೈದು ದಿನಕ್ಕೊಮ್ಮೆ ಶನಿವಾರ ಬರುತ್ತಿದ್ದಳು. ಅವಳು ಬಂದಾಗ ಮನೆಯ ಕೊಂಕಣಿ ಕನ್ನಡಕ್ಕೆ ತಿರುಗುತ್ತಿತ್ತು. ಮೊದಲ ದಿನ ಟ್ರೀಜಾ ಅವಳ ಗುರುತಿನ ಚೀಟಿ ಕೇಳಿ ಪಡೆದು, ಹನ್ನೊಂದು ಪುಟದ ಒಪ್ಪಿಗೆ ಪತ್ರವನ್ನು ಒಂದಕ್ಷರ ಬಿಡದೆ ಓದಿ, ಮೂರು ಕಡೆ ಪ್ರಶ್ನೆಚಿಹ್ನೆ ಹಾಕಿ ಕೊಟ್ಟಿದ್ದಳು.

"ಸ್ಟ್ರೆಸ್ ಪ್ರೋಟೀನ್ ಅಂತ ಬರೆದಿದ್ದೀಯಲ್ಲ, ಅದೆಂತ? ನನ್ನ ಮಗನಿಗೆ ಮನೆಯಲ್ಲಿ ಯಾರೂ ಸ್ಟ್ರೆಸ್ ಕೊಡುವುದಿಲ್ಲ."

"ಆ ಸ್ಟ್ರೆಸ್ ಅಲ್ಲ ಆಂಟಿ. ನಮ್ಮ ಮೈಯ ಜೀವಕೋಶ ಉಂಟಲ್ಲ, ಅದಕ್ಕೆ ಕಷ್ಟ ಬಂದಾಗ ತನ್ನನ್ನು ಕಾಪಾಡಿಕೊಳ್ಳಲಿಕ್ಕೆ ಅದು ಒಂದು ಪ್ರೋಟೀನ್ ತಯಾರು ಮಾಡ್ತದೆ. ನೀವು ಕುದಿಸಿ ನೋಡುವಂಥದ್ದು ಸೋರಿ ಹೋದ ಪ್ರೋಟೀನ್. ಇದು ಬೇರೆ, ಕುದಿಸಿದ್ರೆ ಕಾಣುವಷ್ಟು ಇರುವುದಿಲ್ಲ. ಹಂಚಿನ ಮನೆಯಲ್ಲಿ ಮಾಡು ಸೋರುವ ಮೊದಲು ಹಂಚು ಹೊತ್ತ ಪಕ್ಕಾಸು ಸ್ವಲ್ಪ ಬಾಗ್ತದೆ ಅಲ್ವಾ? ಆ ಬಾಗಿದ್ದು ಮೊದಲೇ ಗೊತ್ತಾಗ್ತದಾ ಅಂತ ನಾವು ನೋಡುವುದು."

"ಗೊತ್ತಾದ್ರೆ ಮದ್ದು ಉಂಟಾ?"

"ಸದ್ಯಕ್ಕೆ ಬರೀ ನೋಡುವುದು ಆಂಟಿ" ಎಂದು ಸುಪ್ರೀತಾ ನಿಜವನ್ನೇ ಹೇಳಿದ್ದಳು. ಹೋಲಿಸಿ ನೋಡಲು ಅದೇ ಮನೆಯ ಒಂದು ಆರೋಗ್ಯವಂತ ಮಗುವಿನ ಮೂತ್ರವೂ ಬೇಕಿತ್ತು. ಎಲ್ರೊಯ್‌ಗೆ ಕೆಂಪು ಚೀಟಿಯ ಬಾಟಲಿ, ಎಲ್ವಿಟಾಳಿಗೆ ಹಸಿರು ಚೀಟಿಯದು. ಕುಟುಂಬದಲ್ಲಿ ಬೇರೆ ಯಾರಿಗಾದರೂ ಈ ಕಾಯಿಲೆ ಉಂಟೇ ಎಂದು ಅವಳು ಕೇಳಿದಾಗ ಟ್ರೀಜಾಳ ಅತ್ತೆ ಲೂರ್ಡ್ಸ್‌ಬಾಯಿ ಜಪಮಾಲೆಯಿಂದ ತಲೆ ಎತ್ತದೆ, "ನಮ್ಮಲ್ಲಿ ಯಾರಿಗೂ ಇಲ್ಲ, ಅವಳ ತವರಿನದ್ದು ನನಗೆ ಗೊತ್ತಿಲ್ಲ" ಎಂದು ಉತ್ತರ ಕೊಟ್ಟಿದ್ದರು.

ಮೂತ್ರಕ್ಕೆ ಬದಲಾಗಿ ಬಿಸ್ಕತ್ತು ಮತ್ತು ಬಣ್ಣದ ಪೆನ್ಸಿಲು ಕೊಡುವ ಹುಡುಗಿಯನ್ನು ನಂಬುವುದು ಹೇಗೆ? ಅವಳು ಬರಲು ಶುರುವಾದ ಮೇಲೆಯೇ ತಾನೇ ನಿಲ್ ಬರತೊಡಗಿದ್ದು? ಮಗನಿಗೆ ಗುಟ್ಟಾಗಿ ಏನಾದರೂ ಮದ್ದು ತಿನ್ನಿಸಿ ನೋಡುತ್ತಿರಬಹುದೇ? ಆದರೆ ಮದ್ದು ತಿಂದು ನಿಲ್ ಆಗಿದ್ದರೆ ಮುಖ ಊದಬಾರದಿತ್ತು. ಸುಪ್ರೀತಾ ಕೂಡ ಸದ್ಯಕ್ಕೆ ಬಿಡುಗಡೆಯಾದಳು.

ಹಾಗೆ ಲೆಕ್ಕ ಹಾಕುತ್ತ ಹೋದ ಟ್ರೀಜಾ ಬುಧವಾರ ಮಧ್ಯಾಹ್ನ ಕೇಂದ್ರದ ಕುರ್ಚಿಯಲ್ಲಿ ಕೂತಲ್ಲೇ ಥಟ್ಟನೆ ನೆಟ್ಟಗಾದಳು. ಎದುರಿಗಿದ್ದ ಯಾರದೋ ಅರ್ಜಿಯಲ್ಲಿ ಒಬ್ಬರ ಹೆಸರಿಗೆ ಇನ್ನೊಬ್ಬರ ಫೋಟೋ ಅಂಟಿತ್ತು. ಕೊಳವೆ ಸುಳ್ಳು ಹೇಳುತ್ತಿಲ್ಲ, ಮುಖವೂ ಸುಳ್ಳು ಹೇಳುತ್ತಿಲ್ಲ. ಬಚ್ಚಲಿನ ಕಿಟಕಿಯ ಮೇಲೆ ಪ್ರತಿ ಬೆಳಿಗ್ಗೆ ಬಂದು ಕೂರುವ ಜಾಡಿಯಲ್ಲಿರುವುದು ಎಲ್ರೊಯ್‌ನ ಮೂತ್ರವೇ ಅಲ್ಲದಿದ್ದರೆ?

ಅವಳಿಗೆ ಬಾಯಿಹುಣ್ಣಿಗೆಂದು ತಂದ ಬಿ-ಕಾಂಪ್ಲೆಕ್ಸ್ ಗುಳಿಗೆಯ ಪಟ್ಟಿ ಮನೆಯಲ್ಲಿತ್ತು. ಅದನ್ನು ತಿಂದ ಮರುದಿನ ಮೂತ್ರ ಅರಸಿನದ ನೀರಿನಂತಾಗುವುದು ತಿನ್ನುವವರಿಗೆಲ್ಲ ಗೊತ್ತು. ಸಂಜೆ ಜಪಮಾಲೆಯ ಪ್ರಾರ್ಥನೆ, ತೇರ್ಸ್, ಮುಗಿದು ಎಲ್ಲರೂ ಮಂಡಿಯಿಂದ ಎದ್ದಾಗ, ಎಲ್ರೊಯ್‌ನ ಮಾಮೂಲು ಗುಳಿಗೆಗಳ ಜೊತೆ ಅದನ್ನೂ ಒಂದು ಸೇರಿಸಿದಳು. ಗುರುವಾರ ಬೆಳಿಗ್ಗೆ ಜಾಡಿಯಲ್ಲಿ ಇದ್ದದ್ದು ಎಂದಿನ ತೆಳು ಬಣ್ಣ. ಟ್ರೀಜಾಳಿಗೆ ಭಯವಾಯಿತು. ತನ್ನ ಸಂಶಯ ಸರಿಯಾಯಿತೆಂಬ ಒಂದು ಸಣ್ಣ ಖುಷಿಯೂ ಆಯಿತೆಂದು ಹೇಳದಿದ್ದರೆ ತಪ್ಪಾಗುತ್ತದೆ.

ಹಾಗಾದರೆ ಯಾರದು? ಟ್ರೀಜಾಳ ಮನಸ್ಸು ಬಾಣದಂತೆ ಹೋಗಿ ಅತ್ತೆಗೆ ನಾಟಿತು. ಮೊಮ್ಮಗನಿಗೆ ಸೂಜಿ ಹಾಕಿಸಿದ ದಿನದಿಂದ ಲೂರ್ಡ್ಸ್‌ಬಾಯಿ ಡಾಕ್ಟರರ ಹೆಸರೆತ್ತುತ್ತಿರಲಿಲ್ಲ, "ಆ ಕಟುಕ" ಎನ್ನುತ್ತಿದ್ದರು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಚ್ಚಲಿಗೆ ಹೋಗುವವರೂ ಅವರೇ. ಗುರುವಾರ ಸಂಜೆ ಅತ್ತೆಯ ಬಿಪಿ ಗುಳಿಗೆಯ ಜೊತೆ ಇನ್ನೊಂದು ಗುಳಿಗೆ ಹೋಯಿತು.

"ಇದು ಯಾವುದು, ಹೊಸತು?"

"ಶಕ್ತಿಗೆ ಮಾಂಯ್."

"ನನಗೆ ಶಕ್ತಿ ಬಂದ್ರೆ ನಿನಗೇ ತೊಂದರೆ" ಎಂದು ಲೂರ್ಡ್ಸ್‌ಬಾಯಿ ನುಂಗಿದರು.

ಶುಕ್ರವಾರ ಬೆಳಿಗ್ಗೆ ಜಾಡಿಯ ಬಣ್ಣ ಬದಲಾಗಲಿಲ್ಲ. ಅದರ ಬದಲು ಲೂರ್ಡ್ಸ್‌ಬಾಯಿ ಬಚ್ಚಲಿನಿಂದ ಗೋಡೆ ಹಿಡಿದುಕೊಂಡು ಬಂದು ಸೋಫಾದ ಮೇಲೆ ಕುಸಿದರು. "ಟ್ರೀಜಾ, ನನಗೆ ಕಾಮಾಲೆ ಆಗಿದೆ. ಫಾದರ್‌ಗೆ ಹೇಳಿ ಕಳಿಸು. ನನ್ನ ಕರಿಮಣಿ ಎಲ್ವಿಟಾಳಿಗೆ, ಬಳೆ ಯಾರಿಗೆ ಅಂತ ಮೆರ್ವಿನ್‌ಗೆ ಗೊತ್ತುಂಟು." ಅವರನ್ನು ಸಮಾಧಾನ ಮಾಡಿ, ಗುಳಿಗೆಯ ಗುಣ ವಿವರಿಸಿ, ಬೈಸಿಕೊಂಡು ಟ್ರೀಜಾ ಆ ದಿನ ಕೆಲಸಕ್ಕೆ ಅರ್ಧ ಗಂಟೆ ತಡವಾಗಿ ಹೋದಳು. ದಾರಿಯುದ್ದಕ್ಕೂ ನಗು ಬರಲಿಲ್ಲ. ಮನೆಯಲ್ಲಿ ಇನ್ನು ಉಳಿದವರು ಇಬ್ಬರೇ. ಮೆರ್ವಿನ್ ಜಾಡಿ ಬರುವ ಮೊದಲೇ ಮನೆ ಬಿಡುವವನು. ಶುಕ್ರವಾರ ಸಂಜೆ ಎಲ್ವಿಟಾಳ ಅಂಗೈ ಮೇಲೆ ಗುಳಿಗೆ ಇಟ್ಟಾಗ ಅವಳು ಏನೂ ಕೇಳದೆ ಬಾಯಿಗೆ ಹಾಕಿಕೊಂಡಳು.

ಶನಿವಾರ ಬೆಳಿಗ್ಗೆ ಬಚ್ಚಲಿನ ಕಿಟಕಿಯ ಮೇಲೆ ಜಾಡಿ ಹಳದಿಯಾಗಿ ಹೊಳೆಯುತ್ತಿತ್ತು.

ಟ್ರೀಜಾ ಕೂಗಾಡಲಿಲ್ಲ. ಜಾಡಿಯನ್ನು ತಂದು ಒಗೆಯುವ ಕಲ್ಲಿನ ಮೇಲಿಟ್ಟು ಮಕ್ಕಳಿಬ್ಬರನ್ನೂ ಕರೆದಳು. ಎಲ್ವಿಟಾ ಶಾಲೆಯ ಓಟದ ಅಭ್ಯಾಸಕ್ಕೆ ಬಿಳಿ ಬನಿಯನ್ನು, ಚಡ್ಡಿ ಹಾಕಿ ಸಿದ್ಧಳಾಗಿದ್ದಳು. ಜಾಡಿ ನೋಡಿದ ಕೂಡಲೇ ಅಣ್ಣನ ಮುಖ ನೋಡಿದಳು.

"ಎಷ್ಟು ದಿನದಿಂದ?" ಟ್ರೀಜಾ ಕೇಳಿದಳು.

ಎಲ್ರೊಯ್ ಕಾಲಿನ ಹೆಬ್ಬೆರಳಿನಿಂದ ನೆಲ ಕೆದಕಿದ. ಉತ್ತರ ಎಲ್ವಿಟಾಳಿಂದ ಬಂತು. "ತುಂಬ ದಿನ ಆಯ್ತು ಮಮ್ಮಿ. ಅವನಿಗೆ ಬೆನ್ನಿಗೆ ಸೂಜಿ ಹಾಕ್ತಾರಂತೆ. ಏಪ್ರಿಲ್‌ನಲ್ಲಿ ಕೊಮ್ಗಾರ್ ಉಂಟಲ್ಲ, ಈ ವರ್ಷವೂ ಅವನಿಗೆ ತಪ್ಪಿದ್ರೆ ಮುಂದಿನ ವರ್ಷ ನನ್ನ ಒಟ್ಟಿಗೆ ನಿಲ್ಲಬೇಕು, ಎಲ್ಲ ನಗಾಡ್ತಾರೆ. ನನ್ನದು ಬಿಳಿ ಆಗುವುದಿಲ್ಲ ಅಲ್ವಾ, ಅದಕ್ಕೆ."

ಕಳೆದ ಏಪ್ರಿಲಿನಲ್ಲಿ ಮಗನ ಓರಗೆಯವರೆಲ್ಲ ಇಗರ್ಜಿಯಲ್ಲಿ ಬಿಳಿ ಬಟ್ಟೆ ತೊಟ್ಟು ಕೊಮ್ಗಾರ್ ಎಂಬ ಮೊದಲ ಪರಮಪ್ರಸಾದ ಸ್ವೀಕರಿಸಿದಾಗ ಅವನು ಆಸ್ಪತ್ರೆಯಲ್ಲಿ ಮಗುಚಿ ಮಲಗಿದ್ದ. ಟ್ರೀಜಾಳಿಗೆ ಅದು ನೆನಪಿಲ್ಲದೇನೂ ಇರಲಿಲ್ಲ. ಆದರೆ ಅದು ಮುಗಿದ ವಿಷಯ ಎಂದುಕೊಂಡಿದ್ದಳು.

"ಸುಪ್ರೀತಾ ಆಂಟಿಯ ಬಾಟಲಿ?"

"ಅದೂ ನಾನೇ. ಎರಡೂ. ಅವತ್ತು ತುಂಬ ನೀರು ಕುಡಿದೆ" ಎಂದಳು ಎಲ್ವಿಟಾ. ಹೇಳುವಾಗ ಸ್ವಲ್ಪ ಹೆಮ್ಮೆಯೂ ಇತ್ತು.

"ನನ್ನ ಹತ್ತಿರ ಒಂದು ಮಾತು ಹೇಳ್ಲಿಕ್ಕೆ ಆಗ್ಲಿಲ್ವಾ ಬಾಬ್?"

ಎಲ್ರೊಯ್ ತಲೆ ಎತ್ತಿದ. ಊದಿದ ರೆಪ್ಪೆಗಳ ನಡುವೆ ಕಣ್ಣು ಎರಡು ಗೆರೆಯಾಗಿತ್ತು. "ಹೇಗೆ ಹೇಳುವುದು? ಬಿಳಿ ಆದ ದಿನ ನೀನು ನನ್ನನ್ನು ಕಳ್ಳನ ಹಾಗೆ ನೋಡ್ತಿ. ಎಂತ ತಿಂದೆ, ಯಾರು ಕೊಟ್ರು, ಕಿಸೆಯಲ್ಲಿ ಎಂತ ಉಂಟು. ನಾನು ಎಂತದ್ದೂ ತಿಂದಿರುವುದಿಲ್ಲ ಮಮ್ಮಿ. ಅದು ಸುಮ್ಮನೆ ಬಿಳಿ ಆಗ್ತದೆ."

ಟ್ರೀಜಾಳಿಗೆ ಆ ಕ್ಷಣ ನಾಚಿಕೆಯಾಯಿತು. ಉಪ್ಪಿನಕಾಯಿಯ ವಾಸನೆಗೆಂದು ಅವನ ಬೆರಳು ಮೂಸಿದ್ದು, ಶಾಲೆಯ ಚೀಲ ತಲೆಕೆಳಗೆ ಮಾಡಿ ಕೊಡವಿದ್ದು, ಎಲ್ಲ ಒಟ್ಟಿಗೆ ನೆನಪಾಯಿತು. ಅವನನ್ನು ಎಳೆದು ತಬ್ಬಿಕೊಂಡಳು. ಅವನ ಕೆನ್ನೆ ನೀರು ತುಂಬಿ ಮೆತ್ತಗಾಗಿತ್ತು. ನಂತರ ಅವನನ್ನೇ ಬಚ್ಚಲಿಗೆ ಕಳಿಸಿ ಹೊಸದಾಗಿ ತರಿಸಿ ಕುದಿಸಿದಳು. ಕೊಳವೆಯಲ್ಲಿದ್ದದ್ದು ಬೇಯಿಸಿದ ಮೊಟ್ಟೆಯ ಬಿಳಿಯ ಹಾಗೆ ಗಟ್ಟಿಯಾಗಿ ಕೂತಿತು. ಮೂರು ವರ್ಷಗಳಲ್ಲಿ ಅಷ್ಟು ಬಿಳಿಯನ್ನು ಅವಳು ಕಂಡಿರಲಿಲ್ಲ.

ಡಾಕ್ಟರ್ ಮಹೇಶ್ವರ ಫೋನಿನಲ್ಲಿ ಎಲ್ಲ ಕೇಳಿಸಿಕೊಂಡು, "ಬೈಯಬೇಡಿ ಅವನಿಗೆ. ಗುಳಿಗೆ ಇವತ್ತೇ ಪೂರ್ತಿ ಮಾಡಿ. ಸೋಮವಾರ ಬೆಳಿಗ್ಗೆ ಕರ್ಕೊಂಡು ಬನ್ನಿ. ಬೇಗ ಗೊತ್ತಾಯ್ತಲ್ಲ, ಅದು ದೊಡ್ಡದು" ಎಂದರು. ಹತ್ತು ಗಂಟೆಗೆ ಎಲ್ರೊಯ್ ಪೂರ್ತಿ ಗುಳಿಗೆ ನುಂಗಿ ಅಜ್ಜಿಯ ಪಕ್ಕದಲ್ಲಿ ಕೂತು ಟಿವಿ ನೋಡುತ್ತಿದ್ದ. ಎಲ್ವಿಟಾ ಓಡಲು ಹೋಗಿದ್ದಳು. ಟ್ರೀಜಾ ಬಹಳ ದಿನಗಳ ನಂತರ ಒಂದು ಲೋಟ ಚಹಾವನ್ನು ಬಿಸಿ ಇರುವಾಗಲೇ ಕುಡಿದಳು. ಒಳಗೆ ಭಯ ಇತ್ತು, ಆದರೆ ಅದು ಹಳೆಯ ಪರಿಚಯದ ಭಯ. ಯಾರು ಏನು ಮಾಡಿದರು ಎಂಬುದು ಈಗ ಗೊತ್ತು. ತಿಳಿಯದೆ ಇರುವುದರ ಮುಂದೆ ಅವಳಿಗೆ ಯಾವುದೂ ಕಷ್ಟವಲ್ಲ.

ಸುಪ್ರೀತಾ ಬಂದಾಗ ಹನ್ನೊಂದೂವರೆ. ಆವತ್ತು ಅವಳು ಐಸ್ ಪೆಟ್ಟಿಗೆಯನ್ನು ತೆರೆಯಲಿಲ್ಲ. ಕುರ್ಚಿಯ ತುದಿಯಲ್ಲಿ ಕೂತು, ಬಿಸ್ಕತ್ತಿನ ಪೊಟ್ಟಣವನ್ನು ಕೈಯಲ್ಲೇ ಹಿಡಿದುಕೊಂಡಿದ್ದಳು. ಹೇಳಬೇಕಾದದ್ದನ್ನು ಹೇಗೆ ಹೇಳುವುದೆಂದು ಬಸ್ಸಿನಲ್ಲಿ ಯೋಚಿಸಿಕೊಂಡು ಬಂದವಳ ಹಾಗಿತ್ತು. ಕೌಂಟರಿನ ಈಚೆ ಕೂತು ಅಂಥ ಮುಖಗಳನ್ನು ಟ್ರೀಜಾ ದಿನಕ್ಕೆ ಇಪ್ಪತ್ತು ನೋಡುತ್ತಾಳೆ.

"ಆಂಟಿ, ಒಂದು ಕೇಳ್ತೇನೆ. ಬೇಜಾರು ಮಾಡ್ಬಾರದು."

"ಕೇಳು."

"ಹೋದ ಸಲ ಎರಡೂ ಬಾಟಲಿಗೆ ನೀವು ಒಬ್ಬರದ್ದೇ ತುಂಬಿಸಿ ಕೊಟ್ರಾ?"

ಟ್ರೀಜಾಳಿಗೆ ನಗು ಬಂತು. ತಾನು ಮೂರು ಗುಳಿಗೆ ಖರ್ಚು ಮಾಡಿ, ಅತ್ತೆಗೆ ಕಾಮಾಲೆ ಬರಿಸಿ ಹಿಡಿದದ್ದನ್ನು ಈ ಹುಡುಗಿ 'ನೀವು ಮಾಡಿದ್ರಾ' ಎಂದು ಕೇಳುತ್ತಿದ್ದಾಳೆ. ತನ್ನ ಮೇಲೆಯೇ ಸಂಶಯ. ಮೇಜಿನ ಮೇಲಿದ್ದ ಚಹಾದ ಲೋಟವನ್ನು ಪಕ್ಕಕ್ಕೆ ಸರಿಸಿ, ಪೂರ್ತಿ ಕಥೆ ಹೇಳಲು ಅಣಿಯಾದಳು.

"ಮಿಷನ್‌ಗೆ ಗೊತ್ತಾಯ್ತಾ?"

"ಎರಡೂ ಒಂದೇ ಥರ ಬಂತು ಆಂಟಿ. ಯಾವುದರಲ್ಲಿ ನೋಡಿದ್ರೂ ಒಂದೇ. ಮೊದಲು ನಾನೇ ಚೀಟಿ ತಪ್ಪಿಸಿದೆ ಅಂತ ಹೆದರಿದೆ. ಆಮೇಲೆ ಅಂದ್ಕೊಂಡೆ, ಎಲ್ವಿಟಾ ಅವತ್ತು ಮನೆಯಲ್ಲಿ ಇರ್ಲಿಲ್ವೋ ಎಂತದೋ. ನಾನು ಬರೀ ಕೈಯಲ್ಲಿ ಹೋಗ್ಬಾರದು ಅಂತ ನೀವು ಎಲ್ರೊಯ್‌ನದ್ದನ್ನೇ ಎರಡಕ್ಕೂ ಹಾಕಿದ್ರಿ ಅಂತ. ಕೆಲವು ಮನೆಯಲ್ಲಿ ಹಾಗೆ ಮಾಡ್ತಾರೆ, ಪಾಪ, ನನಗೆ ಉಪಕಾರ ಆಗ್ಲಿ ಅಂತ."

"ಎಲ್ರೊಯ್‌ನದ್ದೇ ಅಂತ ಹೇಗೆ ಹೇಳ್ತಿ?"

"ಸ್ಟ್ರೆಸ್ ಪ್ರೋಟೀನ್ ಎರಡರಲ್ಲೂ ಜಾಸ್ತಿ ಉಂಟಲ್ಲ ಆಂಟಿ" ಎಂದಳು ಸುಪ್ರೀತಾ. "ಕಾಯಿಲೆಯ ಮಕ್ಕಳಲ್ಲಿ ಬರ್ತದಲ್ಲ, ಅಷ್ಟೇ. ಸೋರುವುದು ನಿಂತರೂ ಎಲ್ರೊಯ್‌ಗೆ ಒಳಗೆ ಕಷ್ಟ ಉಂಟು ಅಂತ ಕಾಣ್ತದೆ. ಆದ್ರೆ ಹಸಿರು ಬಾಟಲಿಯಲ್ಲಿ ಅದು ಹೇಗೆ ಬರ್ಲಿಕ್ಕಾಗ್ತದೆ? ಸರಿಯಿರುವ ಮಕ್ಕಳು ಮೂವತ್ತೊಂದು ಜನ ಆಯ್ತು, ಒಬ್ಬರಲ್ಲೂ ಬರ್ಲಿಲ್ಲ. ಹಾಗಾಗಿ ಕೇಳಿದ್ದು. ನೀವು ಹೌದು ಅಂದ್ರೆ ಹಸಿರನ್ನು ನಾನು ಲೆಕ್ಕದಿಂದ ತೆಗೆದು ಬಿಡ್ತೇನೆ. ಯಾರಿಗೂ ಎಂತದ್ದೂ ತೊಂದರೆ ಇಲ್ಲ."

ಒಳಗೆ ಟಿವಿಯಲ್ಲಿ ಯಾರೋ ಜೋರಾಗಿ ನಕ್ಕರು. ಎಲ್ರೊಯ್ ಕೂಡ ನಕ್ಕ. ಟ್ರೀಜಾಳ ಬಾಯಿ ಕಥೆಯ ಮೊದಲ ಮಾತಿಗೆ ತೆರೆದದ್ದು ಹಾಗೆಯೇ ಇತ್ತು. ಬಾಗಿಲಿನಲ್ಲಿ ಲೂರ್ಡ್ಸ್‌ಬಾಯಿ ಬಂದು ನಿಂತಿದ್ದರು. ಬೆಳಗಿನ ವಿಷಯವೆಲ್ಲ ಅವರಿಗೆ ಗೊತ್ತಿತ್ತು. ಅವರು ಸೊಸೆಯನ್ನು ನೋಡಿ, ತುಟಿ ಅಲುಗಿಸದೆ, ತಲೆಯನ್ನು ಮೇಲಿನಿಂದ ಕೆಳಗೆ ಒಮ್ಮೆ ಆಡಿಸಿದರು. ಹೌದು ಅನ್ನು, ಹೌದು ಅಂದುಬಿಡು.

ಹೌದು ಅಂದರೆ ಮುಗಿಯಿತು. ಎರಡಕ್ಷರದ ಮಾತು. ಹುಡುಗಿ ತಾನೇ ಕೈಯಾರೆ ತಂದುಕೊಟ್ಟ ಸುಳ್ಳು, ಸಹಿ ಮಾಡಿದರೆ ಸಾಕು. ಹಸಿರು ಚೀಟಿಯ ಬಾಟಲಿ ಲೆಕ್ಕದಿಂದ ಹೋಗುತ್ತದೆ, ಮನೆಯಲ್ಲಿ ಒಬ್ಬನೇ ರೋಗಿ ಉಳಿಯುತ್ತಾನೆ. ಟ್ರೀಜಾ ಆ ಮಾತನ್ನು ಹೇಳಲು ನಿಜವಾಗಿ ಬಯಸಿದಳು. ನಾಲಿಗೆಯ ತುದಿಯವರೆಗೆ ತಂದಳು ಕೂಡ.

"ಎರಡೂ ಎಲ್ವಿಟಾಳದ್ದು" ಎಂದಳು.

ಸುಪ್ರೀತಾಳಿಗೆ ಅರ್ಥವಾಗಲಿಲ್ಲ. "ಎಲ್ವಿಟಾಳದ್ದಾ?"

"ಎರಡಕ್ಕೂ ಅವಳೇ ತುಂಬಿಸಿದ್ದು. ಅಣ್ಣನಿಗೆ ಸೂಜಿ ಹಾಕ್ಬಾರದು ಅಂತ."

"ಆಂಟಿ, ನಿಮಗೆ ಸರಿಯಾಗಿ ಗೊತ್ತುಂಟಾ?"

"ಗೊತ್ತುಂಟು" ಎಂದಳು ಟ್ರೀಜಾ. ತಾನು ಕಂಡುಹಿಡಿದ ಒಂದು ವಿಷಯ ತಪ್ಪಾಗಿರಲಿ ಎಂದು ಅವಳು ಜೀವಮಾನದಲ್ಲಿ ಬೇಡಿಕೊಂಡದ್ದು ಅದೇ ಮೊದಲು.

ಸುಪ್ರೀತಾ ಬಿಸ್ಕತ್ತಿನ ಪೊಟ್ಟಣವನ್ನು ಮೇಜಿನ ಮೇಲಿಟ್ಟಳು. ಅವಳಿಗೆ ಇಪ್ಪತ್ತಾರು ವರ್ಷ. ಇಂಥದ್ದನ್ನು ಹೇಳುವುದು ಹೇಗೆಂದು ಅವಳಿಗೆ ಯಾರೂ ಕಲಿಸಿರಲಿಲ್ಲ. "ಇದು ಬರೀ ರಿಸರ್ಚ್ ಆಂಟಿ" ಎಂದಳು. "ಇದಕ್ಕೆ ಅರ್ಥ ಎಂತ ಅಂತ ನಮಗೇ ಇನ್ನೂ ಗೊತ್ತಿಲ್ಲ. ಮಿಷನ್‌ದು ತಪ್ಪಿರ್ಬಹುದು. ಅವಳಿಗೆ ಅವತ್ತು ಜ್ವರ ಗಿರ ಇದ್ದಿರ್ಬಹುದು, ಬಿಸಿಲಿಗೆ ಓಡಿರ್ಬಹುದು. ಅದಕ್ಕೂ ಜಾಸ್ತಿ ಆಗ್ತದೆ. ಸೋಮವಾರ ಹೇಗೂ ಬರ್ತೀರಲ್ಲ, ಅವಳನ್ನೂ ಕರ್ಕೊಂಡು ಬನ್ನಿ. ಡಾಕ್ಟರ್ ಒಮ್ಮೆ ನೋಡ್ಲಿ."

"ಜ್ವರ ಇರ್ಲಿಲ್ಲ" ಎಂದಳು ಟ್ರೀಜಾ.

"ಇಲ್ಲದಿದ್ರೂ..." ಎಂದು ಸುಪ್ರೀತಾ ಅಲ್ಲಿಗೇ ನಿಲ್ಲಿಸಿದಳು. ಲೂರ್ಡ್ಸ್‌ಬಾಯಿ ಬಾಗಿಲಿನಿಂದ ಒಳಗೆ ಹೋದರು. ಸ್ವಲ್ಪ ಹೊತ್ತಿನಲ್ಲಿ ಟಿವಿಯ ಸದ್ದು ನಿಂತಿತು.

ಆಗ ಗೇಟಿನ ಸದ್ದಾಯಿತು. ಎಲ್ವಿಟಾ ಬೆವರಿ ಕೆಂಪಾಗಿ, ನೀರಿನ ಬಾಟಲಿಯನ್ನು ಕುತ್ತಿಗೆಗೆ ನೇತುಹಾಕಿಕೊಂಡು ಓಡಿ ಬಂದಳು. "ಮಮ್ಮಿ, ಇನ್ನೂರು ಮೀಟರಿನಲ್ಲಿ ನಾನು ಸೆಕೆಂಡ್. ಐದನೆಯ ಕ್ಲಾಸಿನವರನ್ನೂ ಸೇರಿಸಿ." ಸುಪ್ರೀತಾಳನ್ನು ಕಂಡು ಒಂದು ನಗು ನಕ್ಕಳು. ಬೆಳಗಿನ ಬೈಗುಳ ಇನ್ನೂ ಬಾಕಿ ಇರಬಹುದೆಂದು ನೆನಪಾಗಿ ಅದನ್ನು ಅರ್ಧಕ್ಕೇ ನುಂಗಿ, ಮೆಟ್ಟಿಲ ಮೇಲೆ ಕೂತು ಶೂ ಬಿಚ್ಚಿ ಸಾಕ್ಸ್ ಎಳೆದಳು.

ಟ್ರೀಜಾ ಹೋಗಿ ಅವಳಿಗಿಂತ ಒಂದು ಮೆಟ್ಟಿಲು ಕೆಳಗೆ ಕೂತು, ಆ ಕಾಲನ್ನು ತನ್ನ ಮಡಿಲಿಗೆ ಎತ್ತಿಕೊಂಡಳು. ಸಾಕ್ಸಿನ ಇಲಾಸ್ಟಿಕ್ ಕೂತಿದ್ದ ಕಡೆ ಗೆರೆ ಬಿದ್ದಿತ್ತು. ಕಾಲಿನ ಗಂಟಿನ ಮೇಲೆ, ಸುತ್ತಲೂ, ಹಗ್ಗ ಕಟ್ಟಿ ಬಿಚ್ಚಿದ ಹಾಗೆ. ಸಾಕ್ಸ್ ಹಾಕುವ ಯಾವ ಮಗುವಿನ ಕಾಲಿನಲ್ಲೂ ಬೀಳುವ ಗೆರೆ ಅದು, ನೀರು ತುಂಬಿದ ಕಾಲಿನಲ್ಲಿ ಮಾತ್ರ ಬೇಗ ಹೋಗುವುದಿಲ್ಲ.

"ಎಂತ ಮಮ್ಮಿ?"

"ಎಂತದ್ದೂ ಇಲ್ಲ ಮಗಾ. ಅಲುಗಾಡಬೇಡ."

"ಕಚಗುಳಿ ಆಗ್ತದೆ, ಬಿಡು."

ಟ್ರೀಜಾ ಬಿಡಲಿಲ್ಲ. ಗೆರೆಯ ಮೇಲೆ ಹೆಬ್ಬೆರಳಿಟ್ಟು ಮೆಲ್ಲಗೆ ಉಜ್ಜುತ್ತ, ಅದು ಮಾಯವಾಗುವುದನ್ನು ಕಾಯುತ್ತ ಕೂತಳು.